ಒತ್ತು ತಪ್ಪಿದ ಜಾಕೆಟ್ಟು

"ಜಾಕೆಟ್ಟು ಅಂದ್ರೆ ಏನೇ? ಎರಡು ತೋಳು, ಒಂದು ಜಿಪ್ಪು! ಮುನ್ನೂರು ಪುಟದ ಪುಸ್ತಕದಲ್ಲಿ ಒಂದೇ ಒಂದು ಒತ್ತಕ್ಷರ ತಪ್ಪಿದ್ರೂ ವಾಸನೆ ಹಿಡಿಯೋ ಗಂಡು ನಾನು. ಒಂದು ಜಾಕೆಟ್ಟು ಆರಿಸೋಕೆ ನನಗೆ ಬರಲ್ವಾ? ತರ್ತೀನಿ ನೋಡು, ಮೂರು ತಲೆಮಾರು ಬಾಳೋ ಅಂಥದ್ದು!"

ಅಡುಗೆಮನೆಯ ನಡುವೆ ನಿಂತು ಹೀಗೆ ಪ್ರತಿಜ್ಞೆ ಮಾಡಿದವನು ನಮ್ಮ ಒತ್ತಪ್ಪ. ಪ್ರತಿಜ್ಞೆಯ ರಭಸಕ್ಕೆ ಎದೆ ತಟ್ಟಿಕೊಂಡ. ತಟ್ಟಿಕೊಂಡ ಕೈಯಲ್ಲೇ ಚಹಾದ ಲೋಟವಿತ್ತು. ಚಹಾ ಎದೆಗೆ ಇಳಿಯಿತು. ಹೆಂಡತಿ ಒಂದು ಬಟ್ಟೆ ಎಸೆದು, "ಮೊದಲು ಅಂಗಿ ಒರೆಸ್ಕೊಳ್ಳಿ, ಆಮೇಲೆ ತಲೆಮಾರು" ಎಂದಳು.

ಒತ್ತಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರಿಟ್ಟ ಹೆಸರು ಏನೆಂಬುದು ಈಗ ಅವನಿಗೂ ಥಟ್ಟನೆ ನೆನಪಾಗುವುದಿಲ್ಲ. ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಹಾಳೆಯೂ ಅವನ ಕೆಂಪು ಪೆನ್ನಿನ ಕೆಳಗೆ ತಲೆ ಬಾಗಿಸಿ ಹೋಗಬೇಕು. ಒಬ್ಬ ದೊಡ್ಡ ಸಾಹಿತಿಯ ಸನ್ಮಾನಪತ್ರದಲ್ಲಿ 'ಪ್ರಸಿದ್ಧ ಕತೆಗಾರ' ಎಂಬಲ್ಲಿ ಒಂದು ಒತ್ತು ಹೆಚ್ಚಾಗಿ 'ಪ್ರಸಿದ್ಧ ಕತ್ತೆಗಾರ' ಆಗಿದ್ದನ್ನು ಕೊನೆಯ ಗಳಿಗೆಯಲ್ಲಿ ಹಿಡಿದವನು ಅವನೇ. ಒಂದು ಮದುವೆ ಕಾಗದದಲ್ಲಿ 'ಮುದ್ದು ಮಗಳು' ಒತ್ತು ಕಳೆದುಕೊಂಡು 'ಮುದು ಮಗಳು' ಆಗಿ, ಹುಡುಗಿಗೆ ಮಂಟಪಕ್ಕೆ ಮುಂಚೆಯೇ ಮುಪ್ಪು ಬರುವುದನ್ನು ತಪ್ಪಿಸಿದವನೂ ಅವನೇ. ಇಷ್ಟೆಲ್ಲ ಪುಣ್ಯ ಕಟ್ಟಿಕೊಂಡವನಿಗೆ ಸ್ವಲ್ಪ ಜಂಬ ಬಾರದೆ ಇರುತ್ತದೆಯೇ? ಊಟಕ್ಕೆ ಕೂತರೂ ಉಪ್ಪಿನ ಪೊಟ್ಟಣದ ಮೇಲಿನ ಬರಹ ತಿದ್ದುತ್ತಿದ್ದ. ಜನ ಒತ್ತಪ್ಪ ಎಂದರು. ಅವನು ಅದನ್ನು ಬಿರುದು ಎಂದುಕೊಂಡ.

ಇನ್ನು ಜಾಕೆಟ್ಟಿನ ಪ್ರತಿಜ್ಞೆ ಯಾಕೆ ಬಂತು ಅಂತೀರಾ? ಅದಕ್ಕೆ ಕಾರಣ ಗಾಡಿ.

ಒತ್ತಪ್ಪನ ಬಳಿ ಒಂದು ಮೋಟಾರು ಸೈಕಲ್ ಇತ್ತು. ಮದುವೆಗೂ ಮುಂಚಿನ ಸಂಬಂಧ ಅದು. ಕರಿ ಟ್ಯಾಂಕು, ದುಂಡು ದೀಪ, ಡುಗುಡುಗು ಸದ್ದು. ಹಗಲೆಲ್ಲ ಅಕ್ಷರದ ಕಾಳು ಹೆಕ್ಕಿ ಕಣ್ಣು ಕೆಂಪಾದವನಿಗೆ ಸಂಜೆ ಅದರ ಮೇಲೆ ಕೂತು ಊರ ಹೊರಗಿನ ರಸ್ತೆಯಲ್ಲಿ ಅರ್ಧ ಗಂಟೆ ಸುತ್ತಿದರೆ ಮಾತ್ರ ಜೀವ ಬರುತ್ತಿತ್ತು. ಆ ಅರ್ಧ ಗಂಟೆಯಲ್ಲಿ ತಿದ್ದಲು ಏನೂ ಇರುತ್ತಿರಲಿಲ್ಲ. ಅವನ ಬದುಕಿನಲ್ಲಿ ಅಷ್ಟು ಸುಖ ಬೇರೆ ಇರಲಿಲ್ಲ.

ಹೋದ ತಿಂಗಳು ತಿರುವಿನ ಜಲ್ಲಿಯ ಮೇಲೆ ಗಾಡಿ ಜಾರಿತು. ಗಾಡಿಗೆ ಏನೂ ಆಗಲಿಲ್ಲ. ಒತ್ತಪ್ಪನ ಮೊಣಕೈಯಿಂದ ಅಂಗೈಯಗಲ ಚರ್ಮ ರಸ್ತೆಗೆ ದಾನವಾಯಿತು. ಹೆಂಡತಿ ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ಪಟ್ಟಿ ಕಟ್ಟಿದ್ದು ಅವಳೇ. ಕಟ್ಟಿ ಮುಗಿಸಿ, ಕತ್ತರಿ ಕೆಳಗಿಟ್ಟು ಹೇಳಿದಳು:

"ರೀ, ರಸ್ತೆ ಚರ್ಮ ಕೇಳುತ್ತೆ. ನೀವು ಕೊಡ್ತೀರೋ, ಜಾಕೆಟ್ಟು ಕೊಡುತ್ತೋ, ತೀರ್ಮಾನ ಮಾಡಿ. ಬರೋ ತಿಂಗಳ ಕೊನೇ ಭಾನುವಾರ ನಾನೇ ಪರೀಕ್ಷೆ ಮಾಡ್ತೀನಿ. ಒಳ್ಳೇ ಚರ್ಮದ ಜಾಕೆಟ್ಟು, ಮೈಗೆ ಸರಿಯಾಗಿ ಕೂತಿರಬೇಕು, ಹಾಕ್ಕೊಂಡು ಕೈ ಕತ್ತು ಆಡಬೇಕು. ಪಾಸಾದ್ರೆ ಗಾಡಿ ನಿಮ್ದು."

"ಫೇಲಾದ್ರೆ?"

"ನನ್ನ ತಮ್ಮಂದು. ಅಲ್ಲೀವರೆಗೆ ಗಾಡಿ ಬೀಗದಕೈ ನನ್ನ ಹತ್ರ."

ಅವಳ ತಮ್ಮ, ಅಂದರೆ ಒತ್ತಪ್ಪನ ಭಾವಮೈದುನ, ಕೊಳಾಯಿ ರಿಪೇರಿ ಮಾಡುವವನು. ಅವನು ಬಂದಾಗಲೆಲ್ಲ ಮೊದಲು ಕೇಳುವುದು, "ಗಾಡಿ ಹೇಗಿದೆ ಭಾವ?" ಎಂದು. ಆಮೇಲೆ ನೆನಪಾದರೆ, "ನೀವು?" ಎಂದು. ಗಾಡಿಯ ಟ್ಯಾಂಕನ್ನು ಅವನು ಸವರುವ ರೀತಿ ನೋಡಿದರೇ ಒತ್ತಪ್ಪ ಗಾಡಿಗೂ ಅವನಿಗೂ ನಡುವೆ ಹೋಗಿ ನಿಲ್ಲುತ್ತಿದ್ದ.

ಹಾಗೆ ಜಾಕೆಟ್ಟಿನ ಬೇಟೆ ಶುರುವಾಯಿತು.

ಜಾಕೆಟ್ಟಿನ ಅಂಗಡಿಯವನು ಹಳೆಯ ರೇಸುಗಾರ. ಒಂದು ಕಾಲು ಎಳೆದು ನಡೆಯುತ್ತಿದ್ದ. ಒತ್ತಪ್ಪ ಒಳಗೆ ಹೋದವನೇ ಹೊಳೆಯುವ ಒಂದು ಜಾಕೆಟ್ಟು ಎಳೆದು, "ಇದು!" ಎಂದ.

"ಅದು ಚರ್ಮ ಅಲ್ಲ ಸಾರ್, ರೆಕ್ಸಿನ್ನು. ಹೆಬ್ಬೆರಳಲ್ಲಿ ಒತ್ತಿ ನೋಡಿ."

'ಒತ್ತಿ' ಎಂಬ ಮಾತು ಕೇಳಿ ಒತ್ತಪ್ಪನಿಗೆ ಸಂತೋಷವಾಯಿತು. ಒತ್ತಿದ. ಗುಳಿ ಬಿತ್ತು, ಅಷ್ಟೇ. ಅಂಗಡಿಯವನು ಇನ್ನೊಂದು ತಂದ. ಒತ್ತಿದರೆ ಮುದುಕರು ನಕ್ಕಾಗ ಕಣ್ಣಿನ ಮೂಲೆಯಲ್ಲಿ ಏಳುವಂಥ ಸಣ್ಣ ಸಣ್ಣ ನೆರಿಗೆ ಎದ್ದವು. ಬಿಟ್ಟರೆ ಮಾಯವಾದವು. "ಇದು ಚರ್ಮ" ಎಂದ ಅಂಗಡಿಯವನು.

ತೊಟ್ಟು ಕನ್ನಡಿಯ ಮುಂದೆ ನಿಂತರೆ ತೋಳು ಬೆರಳವರೆಗೆ ಉದ್ದ, ಬೆನ್ನು ಇಳಿಬಿದ್ದಿದೆ, ಎದೆ ಮಾತ್ರ ಬಿಗಿ. "ಯಾರದ್ದೋ ಅಳತೆ ಇದು" ಎಂದ ಒತ್ತಪ್ಪ.

"ನಿಂತಾಗ ಜಾಕೆಟ್ಟು ಸುಳ್ಳು ಹೇಳುತ್ತೆ ಸಾರ್. ಕೂತಾಗ ನಿಜ ಹೇಳುತ್ತೆ." ಅಂಗಡಿಯ ಮೂಲೆಯಲ್ಲಿ ಮರದ ಸ್ಟೂಲಿಗೆ ಹಳೆಯ ಗಾಡಿಯ ಹ್ಯಾಂಡಲ್ಲು ಬಡಿದಿಟ್ಟಿತ್ತು. ಒತ್ತಪ್ಪ ಅದರ ಮೇಲೆ ಕೂತು ಕೈ ಮುಂದೆ ಚಾಚಿದ. ಏನಾಶ್ಚರ್ಯ! ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು, ಬೆನ್ನು ಸೊಂಟ ಮುಚ್ಚಿತು.

"ಸ್ವಲ್ಪ ಸಡಿಲ ಇದ್ರೆ ಹಾಯಾಗಿರ್ತಿತ್ತಲ್ಲ?"

"ಬಿದ್ದಾಗ ಸಡಿಲ ಜಾಕೆಟ್ಟು ಮೇಲೆ ಸರಿಯುತ್ತೆ, ನಿಮ್ಮ ಚರ್ಮ ಕೆಳಗೆ ಉಳಿಯುತ್ತೆ. ಇದು ಹೊಸದರಲ್ಲಿ ಬಿಗಿ. ಹದಿನೈದು ದಿನ ದಿನಾ ಒಂದು ಗಂಟೆ ತೊಟ್ಟು, ಮೊಣಕೈ ಮಡಚಿ ಬಿಚ್ಚಿ ಮಾಡಿ ಮೈಗೆ ಒಗ್ಗಿಸ್ಬೇಕು. ಆಮೇಲೆ ನಿಮ್ಮನ್ನ ಬಿಟ್ಟು ಇನ್ಯಾರಿಗೂ ಆಗಲ್ಲ. ಕೊಳೆ ಆದ್ರೆ ಒದ್ದೆ ಬಟ್ಟೇಲಿ ಒರೆಸಿ, ಕ್ರೀಮು ಬೆರಳ ತುದಿಯಷ್ಟು ಸವರಿ. ನೀರಲ್ಲಿ ಅದ್ದಬಾರ್ದು, ಸೋಪು ತೋರಿಸ್ಬಾರ್ದು, ಬಿಸಿಲು ಬೆಂಕಿ ಹತ್ರ ಬಿಡಬಾರ್ದು. ಮಗು ಥರ ನೋಡ್ಕೊಳ್ಳಿ."

"ಮಗೂಗೆ ಸ್ನಾನ ಮಾಡಿಸ್ತಾರಲ್ಲ?"

"ಇದಕ್ಕೆ ಮಾಡಿಸಬೇಡಿ!" ಎಂದು ಅಂಗಡಿಯವನು ಕೈಮುಗಿದ.

ಮನೆಯಲ್ಲಿ ಒಗ್ಗಿಸುವ ವ್ರತ ಆರಂಭವಾಯಿತು. ಒತ್ತಪ್ಪ ಅನ್ನ ಉಂಡದ್ದು ಜಾಕೆಟ್ಟಿನಲ್ಲಿ, ಹಲ್ಲುಜ್ಜಿದ್ದು ಜಾಕೆಟ್ಟಿನಲ್ಲಿ. ನಡೆದರೆ ಕಿರ್‌ರ್, ಬಗ್ಗಿದರೆ ಕಿರ್‌ರ್.

"ರೀ, ಹಿತ್ತಿಲ ಬಾಗಿಲಿಗೆ ಎಣ್ಣೆ ಬಿಡಿ, ಕಿರುಗುಟ್ತಾ ಇದೆ" ಎಂದಳು ಹೆಂಡತಿ ಒಳಗಿನಿಂದ.

"ಅದು ಬಾಗಿಲಲ್ಲ ಕಣೇ. ನಾನು."

ಮುದ್ರಣಾಲಯದ ಯಜಮಾನರು ಕನ್ನಡಕ ಸರಿಸಿ ನೋಡಿ, "ಏನಯ್ಯಾ ಒತ್ತಪ್ಪ, ತಪ್ಪು ಬರೆದವರನ್ನ ಇನ್ಮೇಲೆ ಹೊಡೆಯೋದೇ ಗಟ್ಟಿ ಮಾಡಿದ್ಯಾ?" ಎಂದು ಕೇಳಿದರು. ಬೆವರು ಕಾಲುವೆಯಾಗಿ ಹರಿದರೂ ಒತ್ತಪ್ಪ ಜಗ್ಗಲಿಲ್ಲ. ಹತ್ತು ದಿನದಲ್ಲಿ ಬಲ ಮೊಣಕೈ ಮಡಚತೊಡಗಿತು. ಎಡದ್ದು ಇನ್ನೂ ಹಟ ಹಿಡಿದಿತ್ತು. ಉಳಿದದ್ದು ಐದೇ ದಿನ.

ಆಗ ಯಜಮಾನರು ಕರೆದು, "ಪಕ್ಕದೂರಿನ ಪ್ರೆಸ್ಸಿನಲ್ಲಿ ಪಠ್ಯಪುಸ್ತಕ ಅಚ್ಚಾಗ್ತಿದೆ, ಮೂರು ದಿನ ಅಲ್ಲೇ ಕೂತು ಕರಡು ನೋಡಿ ಬಾ, ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೊರಡು" ಎಂದರು.

ಒತ್ತಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ಹಾಳೆ ಅಡಗಿಸಿ ಒಯ್ದಾರೆಂದು ಅಲ್ಲಿಯ ಪ್ರೆಸ್ಸಿಗೆ ಜಾಕೆಟ್ಟು ತೊಟ್ಟು ಹೋದರೆ ಒಳಗೇ ಬಿಡರು. ಮೂರು ದಿನ ಜಾಕೆಟ್ಟು ಸುಮ್ಮನೆ ತೂಗಾಡಿದರೆ ಭಾನುವಾರಕ್ಕೆ ಎಡಗೈ ಮಡಚದು. ಎಡಗೈ ಮಡಚದಿದ್ದರೆ ಗಾಡಿ ಹೋಯಿತು! ಆಗ ಹೊಳೆದವರು ಮಾವ.

ಹೆಂಡತಿಯ ಅಪ್ಪ ಇವರ ಜೊತೆಯಲ್ಲೇ ಇದ್ದರು. ನಿವೃತ್ತ ಸ್ಟೇಷನ್ ಮಾಸ್ತರು. ಭುಜದ ಅಳತೆ ಥೇಟ್ ಅಳಿಯನದ್ದೇ. ಮನೆಯಲ್ಲೇ ಇರುವವರು, ದಿನಕ್ಕೊಂದು ಗಂಟೆ ತೊಟ್ಟು ಓಡಾಡಿದರೆ ಆಯಿತಲ್ಲ! ಒಂದೇ ತೊಡಕು: ಮಾವ ಬಾಯಿಮಾತು ನಂಬುವವರಲ್ಲ. ಮೂವತ್ತೈದು ವರ್ಷ ಚೀಟಿ ನೋಡಿ ರೈಲು ಬಿಟ್ಟವರು. "ಬಾಯಲ್ಲಿ ಹೇಳಿದ್ದಕ್ಕೆ ರೈಲು ಬಿಟ್ಟಿದ್ರೆ ಇಷ್ಟೊತ್ತಿಗೆ ನಾನು ಜೈಲಲ್ಲಿರ್ತಿದ್ದೆ" ಎನ್ನುವವರು. ಚಹಾಕ್ಕೆ ಸಕ್ಕರೆ ಎಷ್ಟು ಎಂಬುದನ್ನೂ ಬರೆಸಿಕೊಂಡು ಗೋಡೆಗೆ ಅಂಟಿಸಿದ್ದರು.

ಒತ್ತಪ್ಪ ಬೆಳಗ್ಗೆ ಒಂದು ಕಾಲಿಗೆ ಬೂಟು ಏರಿಸುತ್ತಲೇ ಚೀಟಿ ಬರೆದು, ಎರಡು ಸಲ ಓದಿ ನೋಡಿ, ಜಾಕೆಟ್ಟಿನ ಜೇಬಿಗೆ ಸಿಕ್ಕಿಸಿ ಬಸ್ಸಿಗೆ ಓಡಿದ.

ಎರಡನೆಯ ದಿನ ಮನಸ್ಸು ತಡೆಯದೆ ಫೋನು ಮಾಡಿದ.

"ಮಾವ, ನನ್ನ ಚೀಟಿ ಸಿಕ್ತಾ? ಕೆಲಸ ನಡೀತಿದೆಯಾ?"

"ಓಹೋ! ನಿನ್ನೆ ಒಂದು ಗಂಟೆ ಆಯ್ತು ಅಳಿಯಂದ್ರೇ. ಇವತ್ತೂ ಹಾಕಿದೀನಿ. ಈಗ ನಡೀತಾ ಇದೆ."

"ಹೇಗಿದೆ? ಬಿಗಿ ಇದೆಯಾ?"

"ಶುರುವಿಗೆ ಸ್ವಲ್ಪ ಗಡಗಡ ಅಂತು. ಈಗ ಸಲೀಸಾಗಿ ತಿರುಗ್ತಾ ಇದೆ."

"ಎಡಗೈ? ಎಡಗೈ ತಿರುಗ್ತಿದೆಯಾ?"

"ಎಡಗೈ, ಬಲಗೈ, ಕಾಲರು, ಎಲ್ಲಾ ತಿರುಗ್ತಿದೆ."

ಒತ್ತಪ್ಪನ ಕಣ್ಣಲ್ಲಿ ನೀರಾಡಿತು. "ಮಾವ, ನಿಮಗೆ ಸೆಖೆ ಆಗ್ತಿಲ್ವಾ?"

"ನನಗ್ಯಾಕಪ್ಪಾ ಸೆಖೆ? ನಾನು ಎದುರಿಗೆ ಕುರ್ಚಿ ಹಾಕ್ಕೊಂಡು ಕೂತು ಪೇಪರ್ ಓದ್ತಿದ್ದೀನಿ."

ಈ ಕೊನೆಯ ಮಾತಿನಲ್ಲಿ ಏನೋ ಒಂದು ತಪ್ಪಿದೆ ಎಂದು ಕರಡು ತಿದ್ದುವ ಮನಸ್ಸು ಒಂದು ಗಳಿಗೆ ಮಿಸುಕಿತು. ಅಷ್ಟರಲ್ಲಿ ಪಠ್ಯಪುಸ್ತಕದ ಹದಿನೇಳನೆಯ ಪುಟದಲ್ಲಿ ಒಂದು ಒತ್ತು ತಪ್ಪಿದ್ದು ಕಣ್ಣಿಗೆ ಬಿತ್ತು. ಫೋನಿಟ್ಟು ಅದರ ಮೇಲೆ ಬಿದ್ದ.

ಶುಕ್ರವಾರ ಮಧ್ಯಾಹ್ನ ಊರಿಗೆ ಬಂದರೆ ಮಾವ ಗೇಟಿನಲ್ಲೇ ನೆಟ್ಟಗೆ ನಿಂತಿದ್ದರು. "ಮೂರು ದಿನ, ಮೂರು ಗಂಟೆ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆ ಇಲ್ಲ. ಹಿತ್ತಿಲಿಗೆ ಬನ್ನಿ!"

ಹಿತ್ತಿಲಲ್ಲಿ, ಸುಡುಬಿಸಿಲಿನಲ್ಲಿ, ತಂತಿಗೆ ನಾಲ್ಕು ಕ್ಲಿಪ್ಪು ಹಾಕಿ ಜಾಕೆಟ್ಟನ್ನು ನೇತುಹಾಕಿತ್ತು. ಎರಡೂ ತೋಳು ಮೇಲಕ್ಕೆ ಸೆಟೆದು, ಪೊಲೀಸರಿಗೆ ಶರಣಾದ ಕಳ್ಳನ ಹಾಗೆ ನಿಂತಿದ್ದವು. ಕಪ್ಪು ಹೋಗಿ ಬೂದಿಬಣ್ಣ. ಗಾತ್ರದಲ್ಲಿ ಅರ್ಧಕ್ಕೆ ಅರ್ಧ. ಒತ್ತಪ್ಪ ಬೆರಳಲ್ಲಿ ತಟ್ಟಿದ. ಟಕ್ ಟಕ್ ಎಂದು ತಗಡಿನ ಸದ್ದು ಬಂತು.

"ಮಾವ... ಇದಕ್ಕೆ... ಏನು ಮಾಡಿದ್ರಿ?"

"ನೀವು ಬರೆದಿದ್ದನ್ನೇ ಮಾಡಿದೆ. ಬಟ್ಟೆ ಒಗೆಯೋ ಮಿಷಿನ್ನಲ್ಲಿ ಹಾಕಿದೆ. ದಪ್ಪ ಬಟ್ಟೆಗೆ ಅಂತ ಒಂದು ಗುಂಡಿ ಇದೆಯಲ್ಲ, ಸರಿಯಾಗಿ ಒಂದು ಗಂಟೆ ಓಡುತ್ತೆ. ಬೆಲೆಬಾಳೋ ವಸ್ತು ಅಂತ ಸೋಪಿನ ಪುಡಿ ಎರಡು ಚಮಚ ಹೆಚ್ಚೇ ಹಾಕಿದೆ!"

"ಒಗೆದ್ರಾ? ಮಾವ, ಒಗೆದುಬಿಟ್ರಾ?"

"ನಾನೆಲ್ಲಿ ಒಗೆದೆ? ಮಿಷಿನ್ ಕೈಲಿ ಒಗೆಸಿದೆ. ನೀವು ಬರೆದಿರೋದು 'ಒಗೆಯಿರಿ' ಅಂತ ಅಲ್ಲ, 'ಒಗಿಸಿ' ಅಂತ. ಪದ ಪದ ನೋಡಿದ್ದೀನಿ." ಮಾವ ಜೇಬಿನಿಂದ ಚೀಟಿ ತೆಗೆದರು. ದಾಖಲೆ! ಮೂಲೆಯಲ್ಲಿ ಬಂದ ತಾರೀಖು, ವೇಳೆ, ತಮ್ಮ ಸಹಿ ಕೂಡ ಹಾಕಿದ್ದರು.

ಒತ್ತಪ್ಪ ಓದಿದ. ತನ್ನದೇ ದುಂಡು ಅಕ್ಷರ. 'ಮಾವನವರಿಗೆ ನಮಸ್ಕಾರ. ನಾನು ಬರುವವರೆಗೆ ಈ ಜಾಕೆಟ್ಟನ್ನು ದಿನಕ್ಕೆ ಒಂದು ಗಂಟೆ ಒಗಿಸಿ. ಮೊಣಕೈ ಭಾಗಕ್ಕೆ ವಿಶೇಷ ಗಮನವಿರಲಿ. ಬಿಗಿ ಇದೆ ಎಂದು ಬಿಡಬೇಡಿ.'

'ಒಗ್ಗಿಸಿ' ಆಗಬೇಕಿತ್ತು. ಗಕಾರಕ್ಕೆ ಗಕಾರದ ಒತ್ತು. ಅದು ಇರಲಿಲ್ಲ.

"ಮೊಣಕೈಗೆ ಬ್ರಷ್ಷು ಹಾಕಿ ಬೇರೆ ಉಜ್ಜಿದ್ದೀನಿ" ಎಂದರು ಮಾವ.

"ಚರ್ಮದ ಜಾಕೆಟ್ಟು ಮಾವ! ದಿನಾ ಒಗೆಸು ಅಂದ್ರೆ ನಿಮಗೆ ಅನುಮಾನ ಬರಲಿಲ್ವಾ?"

"ಬಂತು, ಸುಳ್ಳು ಯಾಕೆ ಹೇಳಲಿ? ಆದ್ರೆ ಬರೆದವರು ಯಾರು? ಕಾಗುಣಿತದಲ್ಲಿ ಊರಿಗೇ ಪ್ರಮಾಣ ನೀವು! ನೀವು ತಪ್ಪು ಬರೀತೀರಾ ಅಂತ ನನ್ನ ಅನುಮಾನಾನೇ ನಾನು ಬೈದುಕೊಂಡೆ."

ಒತ್ತಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕೈ ಮಾತ್ರ ಅಭ್ಯಾಸಬಲದಿಂದ ಜೇಬಿನ ಕೆಂಪು ಪೆನ್ನು ತೆಗೆದು, ಚೀಟಿಯಲ್ಲಿ ಆ ಒತ್ತನ್ನು ಸೇರಿಸಿತು. ತಿದ್ದುಪಡಿ ಬಲು ಸೊಗಸಾಗಿತ್ತು. ಮೂರು ದಿನ ತಡವಾಗಿತ್ತು, ಅಷ್ಟೇ.

ಕೇಡು ಒಂಟಿಯಾಗಿ ಬರುವುದುಂಟೇ? ಸಂಜೆ ಒಗೆಯುವ ಕೋಣೆಯಿಂದ ಹೆಂಡತಿಯ ಕೂಗು ಕೇಳಿತು. ಮಿಷಿನ್ನಿನ ಹೊಟ್ಟೆಯಲ್ಲಿ ಉಳಿದಿದ್ದ ಕರಿಬಣ್ಣವೆಲ್ಲ ಅವಳ ಬಿಳಿ ಸಮವಸ್ತ್ರಗಳಿಗೆ ಇಳಿದಿತ್ತು. ನಾಲ್ಕಕ್ಕೆ ನಾಲ್ಕೂ ಮೋಡದ ಬಣ್ಣ!

"ರೀ, ಏನಿದು? ನಾನು ನರ್ಸೋ, ಇದ್ದಿಲು ಮಾರೋಳೋ?"

ಒತ್ತಪ್ಪ ಚೀಟಿ ತೋರಿಸಿದ. ಅವಳು ಓದಿದಳು. ತುಟಿ ಅದುರಿತು. ಅಳುವೋ ನಗುವೋ ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. "ಭಾನುವಾರದ ಪರೀಕ್ಷೆ..." ಎಂದು ಗೊಣಗಿದ.

"ಭಾನುವಾರ ಭಾನುವಾರಾನೇ" ಎಂದಳು. "ನಿಮ್ಮ ಒತ್ತು ಬಿಟ್ಟುಹೋಯ್ತು ಅಂತ ರಸ್ತೆ ಸುಮ್ನೆ ಬಿಡುತ್ತಾ?"

ಶನಿವಾರ ಬೆಳಗ್ಗೆ ಜಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಹಲಗೆ ಹೊತ್ತವನ ಹಾಗೆ, ಒತ್ತಪ್ಪ ಅಂಗಡಿಗೆ ಹೋದ. ಹಳೆಯ ರೇಸುಗಾರ ಅದನ್ನು ಮೇಜಿನ ಮೇಲೆ ಮಲಗಿಸಿ, ತಲೆಯ ಟೋಪಿ ತೆಗೆದ. "ಯಾವಾಗ ಹೋಯ್ತು ಸಾರ್?" ಎಂದು ಕೇಳಿದ.

"ಮೂರು ದಿನ ನರಳಿ ಹೋಯ್ತಪ್ಪಾ. ಏನಾದ್ರೂ ಮಾಡು. ನನ್ನ ಗಾಡಿ ಉಳೀಬೇಕು."

ಅಂಗಡಿಯವನು ಬಹಳ ಹೊತ್ತು ತಲೆ ಕೆರೆದುಕೊಂಡ. "ಒಂದೇ ದಾರಿ. ಒದ್ದೆ ಬಟ್ಟೆ ಸುತ್ತಿ ಮೆತ್ತಗೆ ಮಾಡಿ. ಡಬ್ಬಿ ಪೂರ್ತಿ ಕ್ರೀಮು ತಿಕ್ಕಿ. ಹಸಿಯಾಗಿರೋವಾಗಲೇ ಮೈಮೇಲೆ ಎಳ್ಕೊಂಡು ಗಾಡಿ ಮೇಲೆ ಕೂತ ಭಂಗೀಲೇ ನೆರಳಲ್ಲಿ ಒಣಗಿಸಿ. ಎರಡು ದಿನ ಹಿಡಿಯುತ್ತೆ. ಬಿಸಿ ಮಾತ್ರ ತಾಗಿಸ್ಬಾರ್ದು."

ಎರಡು ದಿನ! ಒತ್ತಪ್ಪನ ಬಳಿ ಇದ್ದದ್ದು ಒಂದು ದಿನ. ಅದರಲ್ಲಿ ಹಗಲೆಲ್ಲ ಮೆತ್ತಗೆ ಮಾಡುವುದರಲ್ಲೇ ಹೋಯಿತು. ಭಾನುವಾರ ಬೆಳಗ್ಗೆ ಏಳರ ಹೊತ್ತಿಗೆ, ಹೆಂಡತಿ ರಾತ್ರಿ ಪಾಳಿಯಿಂದ ಬರುವ ಮುಂಚೆ, ಅಳಿಯ ಮಾವ ಇಬ್ಬರೂ ಮೊಗಸಾಲೆಯಲ್ಲಿ ನಿಲ್ಲಿಸಿದ್ದ ಗಾಡಿಯ ಬಳಿ ಸೇರಿದರು. ಮೈಗೆಲ್ಲ ಪೌಡರು ಬಳಿದು ಒತ್ತಪ್ಪ ಕೈ ತೂರಿಸಿದ. ಮಾವ ಹಿಂದಿನಿಂದ ಒಂದು ಕಾಲು ಅವನ ಬೆನ್ನಿಗೆ ಕೊಟ್ಟು ಎಳೆದರು. ಜಿಪ್ಪನ್ನು ಇಕ್ಕಳ ಹಿಡಿದು ಗಂಟಲವರೆಗೆ ಏರಿಸಿದರು. ಗಾಡಿಯ ಮೇಲೆ ಕೂತು, ಹ್ಯಾಂಡಲ್ಲು ಹಿಡಿದು, ಒತ್ತಪ್ಪ ಕಾದ. ಒಂದು ಗಂಟೆಯಾದರೂ ಒಂದು ನೂಲೂ ಒಣಗಲಿಲ್ಲ.

"ಮಾವ, ರೂಮಿನ ಹೀಟರು ತನ್ನಿ."

"ಅಂಗಡಿಯವನು ಬಿಸಿ ಬೇಡ ಅಂದ ಅಂತ ನೀವೇ ಅಂದ್ರಲ್ಲ?"

"ಎಂಟೂವರೆ ಆಗ್ತಾ ಬಂತು ಮಾವ! ಒಂಬತ್ತಕ್ಕೆ ಅವಳು ಬರ್ತಾಳೆ!"

"ಹಾಗಿದ್ರೆ ಬರೆದು ಕೊಡಿ."

ಒತ್ತಪ್ಪ ಮಾವ ಹಿಡಿದ ಹಲಗೆಯ ಮೇಲೆ ಬೆರಳ ತುದಿಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಬರೆದ: 'ಹೀಟರು ಹಚ್ಚಿ.' ಮಾವ ಹಾಳೆಯನ್ನು ಬೆಳಕಿಗೆ ಹಿಡಿದು, "ಚಕಾರಕ್ಕೆ ಒತ್ತು ಇದೆ ತಾನೇ? ಆಮೇಲೆ ನನ್ನ ಮೇಲೆ ಹಾಕಬೇಡಿ" ಎಂದು ಖಾತ್ರಿ ಮಾಡಿಕೊಂಡು ಹೀಟರು ಹಚ್ಚಿದರು.

ಚರ್ಮ ಒಣಗಿತು. ಒಣಗುತ್ತ ಕುಗ್ಗಿತು. ಕುಗ್ಗುತ್ತ ಒತ್ತಪ್ಪನನ್ನು ಅಪ್ಪಿಕೊಂಡಿತು. ಮದುವೆಯ ದಿನವೂ ಯಾರೂ ಅವನನ್ನು ಹಾಗೆ ಅಪ್ಪಿರಲಿಲ್ಲ! ಹ್ಯಾಂಡಲ್ಲಿನಿಂದ ಬೆರಳು ಬಿಡಿಸಿಕೊಂಡು ಕೆಳಗಿಳಿದ. ಗಾಡಿ ಅಲ್ಲೇ ನಿಂತಿತು, ಭಂಗಿ ಅವನ ಜೊತೆಗೇ ಬಂತು. ಎರಡೂ ಕೈ ಮುಂದಕ್ಕೆ ಚಾಚಿ, ಬೆನ್ನು ಬಾಗಿ, ಇಲ್ಲದ ಗಾಡಿಯನ್ನು ಓಡಿಸುತ್ತ ಒತ್ತಪ್ಪ ಮೊಗಸಾಲೆಯಲ್ಲಿ ನಿಂತ.

ಅದೇ ಗಳಿಗೆಗೆ ಹೆಂಡತಿ ಬಂದಳು. ಹಿಂದೆಯೇ ಕೊಳಾಯಿಯ ಭಾವಮೈದುನ, ಟ್ಯಾಂಕು ಒರೆಸಲು ಹೊಸ ಬಟ್ಟೆ ಹಿಡಿದು.

"ನೋಡು! ಹಾಕ್ಕೊಂಡಿದ್ದೀನಿ! ಎಷ್ಟು ಸರಿಯಾಗಿ ಕೂತಿದೆ ನೋಡು!" ಎಂದ ಒತ್ತಪ್ಪ. ದನಿ ಎಲ್ಲೋ ಬಾವಿಯ ತಳದಿಂದ ಬಂದ ಹಾಗಿತ್ತು.

ಅವಳು ಸುತ್ತ ಒಂದು ಪ್ರದಕ್ಷಿಣೆ ಬಂದಳು. "ಕೈ ಎತ್ತಿ."

"ಎತ್ತಿದ್ದೀನಲ್ಲ?"

"ಇಳಿಸಿ."

"ಅದು... ಈಗ್ಯಾಕೆ?"

"ಕತ್ತು ತಿರುಗಿಸಿ."

ಒತ್ತಪ್ಪ ಬುಡಸಮೇತ ತಿರುಗಿದ. ಚಾಚಿದ ಕೈ ತಗುಲಿ ಕಿಟಕಿಯ ಮೇಲಿದ್ದ ಹೂಕುಂಡ ನೆಲಕ್ಕೆ ಬಿತ್ತು.

"ಉಸಿರು ಎಳ್ಕೊಳ್ಳಿ."

"ಎಳ್ಕೊಂಡಿದ್ದು ಏಳೂವರೆಗೆ. ಅದನ್ನೇ ಇಟ್ಕೊಂಡಿದ್ದೀನಿ."

"ಬಿಚ್ಚಿ."

"ಬೇಡ ಕಣೇ. ಜೀವ ಇರೋವರೆಗೂ ಹೀಗೇ ಇರ್ತೀನಿ. ಗಾಡಿ ಒಂದು ಬಿಡು."

ಭಾವಮೈದುನ ಮುಂದೆ ಬಂದು, ಪೈಪು ಹಿಡಿಯುವ ಇಕ್ಕಳ ತೆಗೆದು, "ಭಾವ, ತುಕ್ಕು ಹಿಡಿದ ನಲ್ಲಿ ಎಷ್ಟೋ ಬಿಚ್ಚಿದ್ದೀನಿ, ಇದೇನು ಮಹಾ!" ಎಂದು ಜಿಪ್ಪಿಗೆ ಹಾಕಿ ತಿರುವಿದ. ಜಿಪ್ಪಿನ ತಲೆ ಕಳಚಿ ಅವನ ಕೈಗೇ ಬಂತು.

ಹೆಂಡತಿ ಒತ್ತಪ್ಪನ ಬೆರಳು ಒತ್ತಿ ನೋಡಿದಳು. ಬೆರಳು ನೀಲಿಯಾಗುತ್ತಿತ್ತು. ಅವಳ ಮುಖದ ಚೇಷ್ಟೆಯೆಲ್ಲ ಒಂದೇ ಸಲಕ್ಕೆ ಇಳಿಯಿತು. "ನಡೀರಿ ಆಸ್ಪತ್ರೆಗೆ" ಎಂದಳು.

ನಾಲ್ವರೂ ಹತ್ತಿದ ಟ್ಯಾಕ್ಸಿಯಲ್ಲಿ ಒತ್ತಪ್ಪನ ಎರಡೂ ಕೈಗಳು ಡ್ರೈವರನ ಕಿವಿಗಳ ಎರಡೂ ಬದಿಗೆ ಚಾಚಿಕೊಂಡಿದ್ದವು. "ಸಾರ್, ಕೈ ಹಿಂದಕ್ಕೆ ತಗೊಳ್ಳಿ, ಗಾಡಿ ನಾನು ಓಡಿಸ್ತೀನಿ" ಎಂದು ಅವನು ಮೂರು ಸಲ ಬೇಡಿಕೊಂಡ.

ಮೂಳೆ ವಾರ್ಡಿನಲ್ಲಿ ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿದ್ದವರೆಲ್ಲ ಬಾಗಿಲ ಕಡೆ ನೋಡಿದರು. ಕಾಣದ ಗಾಡಿಯ ಮೇಲೆ ಸವಾರಿ ಮಾಡುತ್ತ ಒಬ್ಬ ಮನುಷ್ಯ ನಡೆದು ಬರುತ್ತಿದ್ದ! ಒಬ್ಬ ಅಜ್ಜ, "ನಗಿಸಬೇಡಮ್ಮಾ ಸಿಸ್ಟರ್, ಪಕ್ಕೆಲುಬು ಮೂರು ಮುರಿದಿದೆ" ಎಂದು ಗೋಗರೆದ.

ಪ್ಲಾಸ್ಟರು ಕತ್ತರಿಸುವ ದೊಡ್ಡ ಕತ್ತರಿ ಬಂತು. ತೋಳಿನಿಂದ ಶುರುಮಾಡಿ ಅವಳು ಕರಕರನೆ ಕತ್ತರಿಸುತ್ತ ಹೋದಳು. ಮೊಣಕೈಯ ಹತ್ತಿರ, ಹಳೆಯ ಗಾಯದ ಗುರುತಿನ ಮೇಲೆ, ಅವಳ ಕೈ ಸ್ವಲ್ಪ ನಿಂತಿತು.

"ವಾರಕ್ಕೆ ಎರಡು ಮೂರು ಜನರದ್ದು ಹೀಗೆ ಕತ್ತರಿಸ್ತೀನಿ ರೀ. ಅಂಗಿ, ಪ್ಯಾಂಟು ಎಲ್ಲಾ. ಸ್ಟ್ರೆಚರು ಒಳಗೆ ಬಂದಾಗ ನಾನು ಮೊದಲು ಮುಖ ನೋಡಲ್ಲ, ಅಂಗಿ ನೋಡ್ತೀನಿ. ಬೆಳಗ್ಗೆ ನೀವು ಹಾಕ್ಕೊಂಡು ಹೋದ ಅಂಗಿ ಅಲ್ಲ ಅಂತ ಗೊತ್ತಾದ್ಮೇಲೇ ಮುಖ ನೋಡೋ ಧೈರ್ಯ ಬರೋದು. ಹದಿನಾಲ್ಕು ವರ್ಷದಿಂದ ಇದೇ ಆಗಿದೆ."

ಒತ್ತಪ್ಪನಿಗೆ ಹಿಡಿದಿಟ್ಟಿದ್ದ ಉಸಿರೆಲ್ಲ ಒಮ್ಮೆಗೇ ಹೊರಗೆ ಬಂತು. ಜಾಕೆಟ್ಟು ಸಡಿಲಾದದ್ದಕ್ಕೋ, ಮಾತಿಗೋ ತಿಳಿಯದು. ಹದಿನಾಲ್ಕು ವರ್ಷ ಅವಳ ಮುಖ ಓದಿದ್ದ. ಈ ಸಾಲು ಕಣ್ಣಿಗೇ ಬಿದ್ದಿರಲಿಲ್ಲ. "ಗಾಡಿ... ನಿನ್ನ ತಮ್ಮಂಗೇ ಕೊಟ್ಟುಬಿಡು" ಎಂದ. ತಾನು ಎಷ್ಟು ದೊಡ್ಡ ತ್ಯಾಗ ಮಾಡಿದೆ ಎಂದು ತನಗೇ ಕಣ್ಣೀರು ಬಂತು.

"ಕೊಡದೆ ಮತ್ತೆ? ಪರೀಕ್ಷೇಲಿ ಫೇಲಾಗಿದ್ದೀರಲ್ಲ" ಎಂದಳು ಅವಳು, ಕೊನೆಯ ತುಂಡನ್ನು ಕಸದ ಬುಟ್ಟಿಗೆ ಹಾಕುತ್ತ.

ಭಾವಮೈದುನ ಹಿಗ್ಗಿ ಹೀರೇಕಾಯಿಯಾಗಿ ಕೈ ಚಾಚಿದ. ಅಕ್ಕ ಬೀಗದಕೈಯನ್ನು ಅವನ ಅಂಗೈಗೆ ಹಾಕಲಿಲ್ಲ, ಕಣ್ಣ ಮುಂದೆ ಆಡಿಸಿದಳು. "ನಿನಗೂ ಅದೇ ಕಾನೂನು ಕಣೋ. ಗಾಡಿ ಬೇಕಾದ್ರೆ ತಗೊಂಡು ಹೋಗಿ ಮನೇಲಿ ನಿಲ್ಲಿಸ್ಕೋ. ಬೀಗದಕೈ ಬೇಕಾದ್ರೆ ಒಗ್ಗಿದ ಜಾಕೆಟ್ಟು ತೊಟ್ಟು ಬಾ."

"ಅಯ್ಯೋ ಅಕ್ಕ! ನಾನು ದಿನವೆಲ್ಲ ಸಿಂಕಿನ ಕೆಳಗೆ ಮಲಗಿರೋನು. ಜಾಕೆಟ್ಟು ಹಾಕ್ಕೊಂಡು ಪೈಪು ಬಿಚ್ಚೋಕಾಗುತ್ತಾ? ಯಾವಾಗ ಒಗ್ಗಿಸ್ಲಿ?" ಎಂದು ಮುಖ ಸಣ್ಣಗೆ ಮಾಡಿಕೊಂಡವನು, ಥಟ್ಟನೆ ಒತ್ತಪ್ಪನ ಕಡೆ ತಿರುಗಿದ. "ಭಾವನೇ ಆರಿಸಿ, ಭಾವನೇ ಒಗ್ಗಿಸಿ ಕೊಡ್ಲಿ! ನನ್ನದೂ ಅಪ್ಪಂದೇ ಭುಜ, ಅಳತೆ ಒಂದೇ. ಅಲ್ಲದೆ ಅವರಿಗೆ ಅನುಭವ ಇದೆ."

ಹೆಂಡತಿ ಒಪ್ಪಿದಳು. ಮಾವ ಒಪ್ಪಿದರು, "ಬರಹದಲ್ಲಿ ಇರಲಿ" ಎಂದರು. ಪಕ್ಕೆಲುಬು ಮುರಿದ ಅಜ್ಜನೂ ಹಾಸಿಗೆಯಿಂದಲೇ ಕೈ ಎತ್ತಿದ. ಒತ್ತಪ್ಪನನ್ನು ಯಾರೂ ಕೇಳಲಿಲ್ಲ.

ಈಗ ದಿನಾ ಬೆಳಗ್ಗೆ ಒತ್ತಪ್ಪ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಮೈಮೇಲೆ ಹೊಚ್ಚಹೊಸ, ಒಳ್ಳೆಯ ಚರ್ಮದ, ಭಾವಮೈದುನನ ಜಾಕೆಟ್ಟು. ಮೇಲಿನ ಕಂಬಿ ಹಿಡಿದು, ಎಡ ಮೊಣಕೈ ಹತ್ತು ಸಲ, ಬಲ ಮೊಣಕೈ ಹತ್ತು ಸಲ ಮಡಚಿ ಬಿಚ್ಚಿ ಮಾಡುತ್ತಾನೆ. ಅಕ್ಕಪಕ್ಕದವರು ಜಾಗ ಬಿಟ್ಟು ನಿಲ್ಲುತ್ತಾರೆ.

ಮೊನ್ನೆ ಕಂಡಕ್ಟರು ಟಿಕೆಟ್ಟು ಹರಿದು ಕೊಡುತ್ತ, ಜಾಕೆಟ್ಟನ್ನು ಮೇಲಿಂದ ಕೆಳಗೆ ನೋಡಿ, ಅನುಕಂಪದಿಂದ ಕೇಳಿದ: "ಏನ್ ಸಾರ್, ಗಾಡಿ ಪಂಕ್ಚರ್ರಾ?"

"ಇಲ್ಲಪ್ಪಾ," ಎಂದ ಒತ್ತಪ್ಪ, ಕಿರ್‌ರ್ ಎಂದು ಮೊಣಕೈ ಮಡಚುತ್ತ, "ಗಾಡಿ ಚೆನ್ನಾಗೇ ಇದೆ. ಪಂಕ್ಚರ್ ಆಗಿರೋದು ನಾನು."